ಆಟದ ರಾತ್ರಿಗೆ ಎಂಥ ಕ್ಯಾಮೆರಾ?

ಕ್ಯಾಮೆರಾ ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ಅಂಗಡಿಯವರ ಬಾಯಲ್ಲೂ ಮೊದಲು ಬರುವುದು ಅದೇ ಲೆಕ್ಕ. ಪೆಟ್ಟಿಗೆಯ ಮೇಲೆ 24 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಯಾರೂ ಓದದ ಇನ್ನೊಂದು ಅಂಕಿ ಲೆನ್ಸಿನ ಮೂತಿಯ ಸುತ್ತ ಸಣ್ಣದಾಗಿ ಬರೆದಿರುತ್ತದೆ: 18-55 ಎಂಎಂ, 1:3.5-5.6. ಹಗಲಲ್ಲಿ ಮನೆ ಮಕ್ಕಳ, ಜಾತ್ರೆಯ ತೇರಿನ, ಜೋಗದ ನೀರಿನ ಫೋಟೊ ತೆಗೆಯುವವರಿಗೆ ಇದನ್ನು ಓದದಿದ್ದರೂ ನಷ್ಟವಿಲ್ಲ. ಸೂರ್ಯ ಮುಳುಗಿದ ಮೇಲೆ ಮಾತ್ರ ಕ್ಯಾಮೆರಾದ ಹಣೆಬರಹವೆಲ್ಲ ಆ ಸಣ್ಣ ಅಕ್ಷರದಲ್ಲೇ ಇದೆ.

ಕರಾವಳಿಯ ಬಯಲಾಟದ ಫೋಟೊ ತೆಗೆಯಬೇಕೆಂಬ ಆಸೆಯಿಂದ ಮೊದಲ ಕ್ಯಾಮೆರಾ ಕೊಳ್ಳಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದೀಪೋತ್ಸವ, ಊರಿನ ನಾಟಕ, ಮದುವೆಯ ಹಿಂದಿನ ರಾತ್ರಿಯ ಅಂಗಳ, ಎಲ್ಲಕ್ಕೂ ಲೆಕ್ಕ ಹೆಚ್ಚುಕಡಿಮೆ ಇದೇ. ಆದರೆ ಕ್ಯಾಮೆರಾವನ್ನು ಸತಾಯಿಸುವುದರಲ್ಲಿ ಯಕ್ಷಗಾನಕ್ಕೆ ಸಾಟಿಯಿಲ್ಲ. ಹಿಂದೆ ಕಪ್ಪು ಪರದೆ, ಮುಂದೆ ಮಿರುಗುವ ಕಿರೀಟ, ನಡುವೆ ಒಂದು ಕ್ಷಣ ಕಲ್ಲಿನಂತೆ ನಿಂತು ಮರುಕ್ಷಣ ಗಿರಗಿರನೆ ಸುತ್ತುವ ಮನುಷ್ಯ.

ಒಂದು ಕಾಲದಲ್ಲಿ ದೊಂದಿಯ ಬೆಳಕಿನಲ್ಲಿ ಆಟ ನಡೆಯುತ್ತಿತ್ತು. ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟು, ಹ್ಯಾಲೊಜನ್ ಬಂದವು, ಈಗ ಎಲ್‌ಇಡಿ. ಕತ್ತಲ ಗದ್ದೆಯ ನಡುವೆ ರಂಗಸ್ಥಳ ಝಗಝಗ ಹೊಳೆಯುತ್ತಿದ್ದರೆ ಇಷ್ಟು ಬೆಳಕು ಸಾಲದೇ ಎನಿಸುತ್ತದೆ. ನಮ್ಮ ಕಣ್ಣು ಕತ್ತಲಿಗೆ ಒಗ್ಗಿಕೊಂಡು ನಮಗೆ ಹಾಗೆ ತೋರಿಸುತ್ತದೆ, ಅಷ್ಟೆ. ಹಗಲಿನ ಬಿಸಿಲಿಗೆ ಹೋಲಿಸಿದರೆ ಅಲ್ಲಿರುವ ಬೆಳಕು ನೂರಾರು ಪಟ್ಟು ಕಮ್ಮಿ. ಕ್ಯಾಮೆರಾಕ್ಕೆ ಈ ಸುಳ್ಳು ಹೇಳಿ ನಂಬಿಸಲು ಬರುವುದಿಲ್ಲ.

ಲೆಕ್ಕ ನೋಡಿ. ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆಯುತ್ತದೆ ಎಂಬುದೇ ಎಫ್ ಅಂಕಿ, ಲೆನ್ಸಿನ ಮೂತಿಯ ಮೇಲಿದ್ದ 3.5-5.6 ಇದೇ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾದ ಜೊತೆ ಪುಕ್ಕಟೆಯೆಂಬಂತೆ ಬರುವ 18-55 ‘ಕಿಟ್’ ಲೆನ್ಸನ್ನು 50 ಎಂಎಂಗೆ ತಿರುಗಿಸಿದರೆ ಅದರ ಕಿಂಡಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅಂದರೆ 50ನ್ನು 5.6ರಿಂದ ಭಾಗಿಸಿದರೆ ಬರುವ ಅಡ್ಡಳತೆ, ಸುಮಾರು 9 ಮಿಲಿಮೀಟರ್. ಅದೇ 50 ಎಂಎಂನ ಎಫ್/1.8 ಲೆನ್ಸಿನದು ಸುಮಾರು 28 ಮಿಲಿಮೀಟರ್. ಒಳಗೆ ಬರುವ ಬೆಳಕು ಸರಿಸುಮಾರು ಹತ್ತು ಪಟ್ಟು. ಬೆಳಕು ಮಂಕಾದ ಒಂದು ಬಯಲಾಟದಲ್ಲಿ, ಚಿತ್ರವನ್ನು ಎಷ್ಟು ಬೆಳಗಿಸಬೇಕೆಂದು ಹೇಳುವ ಐಎಸ್‌ಒ 3200 ಇಟ್ಟು ಕಿಟ್ ಲೆನ್ಸಿನಲ್ಲಿ ತೆಗೆದರೆ ಶಟರ್ ವೇಗ 1/30 ಸೆಕೆಂಡ್ ಸಿಕ್ಕಿತು ಎನ್ನಿ. ಪುಂಡುವೇಷ ಗಿರಗಿರನೆ ಧೀಂಗಿಣ ಹಾಕುತ್ತಿದ್ದರೆ 1/30ರಲ್ಲಿ ಸಿಗುವುದು ಬಣ್ಣದ ಒಂದು ಸುಳಿ ಮಾತ್ರ. ವೇಷ ಯಾವುದು, ಕಲಾವಿದ ಯಾರು ಎಂದು ಹೆತ್ತ ತಾಯಿಗೂ ಗೊತ್ತಾಗದು. ಅದೇ ಜಾಗ, ಅದೇ ಬೆಳಕು, ಅದೇ ಕ್ಯಾಮೆರಾ. ಎಫ್/1.8ರ ಲೆನ್ಸ್ ತಗುಲಿಸಿದರೆ ವೇಗ 1/300ರ ಹತ್ತಿರ ಬರುತ್ತದೆ. ಮುಖ ನಿಲ್ಲುತ್ತದೆ, ಗೆಜ್ಜೆಯ ಕಾಲು ನಿಲ್ಲುತ್ತದೆ, ಬಟ್ಟೆಯ ಅಂಚು ಮಾತ್ರ ತುಸು ಹಾರಿದಂತೆ ಕಾಣುತ್ತದೆ. ಅದು ಚೆಂದವೇ.

ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಜೊತೆ ಬರುವ ಕಿಟ್ ಲೆನ್ಸುಗಳು ಈ ವಿಷಯದಲ್ಲಿ ಇನ್ನೂ ಬಡವು. ಕ್ಯಾನನ್ನಿನ 18-45, ನಿಕಾನ್‌ನ 16-50, ಇವೆರಡೂ ಪೂರ್ತಿ ಝೂಮ್ ಮಾಡಿದಾಗ ಎಫ್/6.3. ಕ್ಯಾಮೆರಾ ಹೊಸದಾಯಿತು, ಹಗುರವಾಯಿತು, ಕಿಂಡಿ ಸಣ್ಣದಾಯಿತು.

‘ಮೊಬೈಲಿನಲ್ಲೇ ನೈಟ್ ಮೋಡ್ ಉಂಟಲ್ಲ ಮಾರಾಯ್ರೆ’ ಎನ್ನುವವರಿದ್ದಾರೆ. ಉಂಟು. ಅದು ಹಲವು ಫೋಟೊಗಳನ್ನು ಒಂದರ ಹಿಂದೊಂದು ತೆಗೆದು ಒಂದರ ಮೇಲೊಂದು ಜೋಡಿಸುತ್ತದೆ. ದೇವಸ್ಥಾನದ ಗೋಪುರಕ್ಕೆ, ಅಲುಗಾಡದ ದೀಪದ ಸಾಲಿಗೆ ಒಳ್ಳೆಯದು. ಕುಣಿಯುವವರಿಗೆ ಆಗದು, ಜೋಡಿಸುವಷ್ಟರಲ್ಲಿ ಅವರು ರಂಗಸ್ಥಳದ ಆ ಮೂಲೆಯಲ್ಲಿರುತ್ತಾರೆ.

ಹಾಗಾದರೆ ಎಫ್/1.8ರ ಲೆನ್ಸ್ ಭಾರೀ ದುಬಾರಿಯಿರಬೇಕಲ್ಲ? ಇಲ್ಲಿದೆ ಸ್ವಾರಸ್ಯ. 50 ಎಂಎಂ ಎಫ್/1.8 ಬಹುಪಾಲು ಕಂಪನಿಗಳ ಅತಿ ಅಗ್ಗದ ಲೆನ್ಸುಗಳಲ್ಲೊಂದು. ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಈ ಲೆನ್ಸ್ ಹೊಸದಕ್ಕೆ ಹತ್ತು ಸಾವಿರದ ಆಚೀಚೆ, ತೂಕ ಸುಮಾರು 160 ಗ್ರಾಂ. ಅಗ್ಗವಾಗಲು ಕಾರಣ ಅದರ ಹಳೆಯ ವಂಶ. 1896ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿದ್ದ ಪಾಲ್ ರುಡಾಲ್ಫ್ ‘ಪ್ಲೇನಾರ್’ ಎಂಬ ಲೆನ್ಸ್ ರೂಪಿಸಿದ. ನಡುವಿನ ಕಿಂಡಿಯ ಆಚೆ ಈಚೆ ಒಂದಕ್ಕೊಂದು ಕನ್ನಡಿ ಹಿಡಿದಂಥ ಗಾಜುಗಳ ಜೋಡಣೆ. ಒಂದು ಬದಿಯ ದೋಷವನ್ನು ಇನ್ನೊಂದು ಬದಿ ಬಹುಮಟ್ಟಿಗೆ ತೊಡೆದುಹಾಕುತ್ತದೆ. ಇವತ್ತಿನ 50 ಎಂಎಂ ಲೆನ್ಸುಗಳಲ್ಲಿ ಹೆಚ್ಚಿನವು ಆ ಮನೆತನದವೇ. ಕ್ಯಾನನ್ 2015ರಲ್ಲಿ ತಂದ ಎಸ್‌ಟಿಎಂ ಮಾದರಿಯಲ್ಲೂ ಇರುವುದು ಬರೀ ಆರು ಗಾಜು. ನೂರು ವರ್ಷಕ್ಕೂ ಮೀರಿ ಪಳಗಿದ ಸರಳ ವಿನ್ಯಾಸ, ಹಾಗಾಗಿ ಬೆಲೆಯೂ ಕಡಿಮೆ.

ಕಿಂಡಿಯ ಹುಚ್ಚು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಸ್ಟ್ಯಾನ್ಲಿ ಕುಬ್ರಿಕ್ ಸಾಕ್ಷಿ. 1975ರ ‘ಬ್ಯಾರಿ ಲಿಂಡನ್’ ಚಿತ್ರದ ಮೇಣದಬತ್ತಿಯ ದೃಶ್ಯಗಳನ್ನು ಆತ ನಾಸಾಕ್ಕೆಂದು ಜೈಸ್ ಮಾಡಿಕೊಟ್ಟಿದ್ದ 50 ಎಂಎಂ ಎಫ್/0.7 ಲೆನ್ಸಿನಲ್ಲಿ ತೆಗೆದ. ನಮ್ಮ 1.8ಕ್ಕಿಂತ ಆರೂವರೆ ಪಟ್ಟು ಬೆಳಕು! ನಟರು ಒಂದಿಂಚು ಮುಂದೆ ಬಾಗಿದರೂ ಫೋಕಸ್ ತಪ್ಪುವಂಥ ಪರಿಸ್ಥಿತಿ. ನಮಗೆ ಅಷ್ಟೆಲ್ಲ ಬೇಡ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೆಚ್ಚಿನವರು ಮೊದಲು ಕ್ಯಾಮೆರಾ ಆರಿಸುತ್ತಾರೆ, ಉಳಿದ ದುಡ್ಡಿನಲ್ಲಿ ಲೆನ್ಸ್, ಕೊನೆಗೆ ಆಟಕ್ಕೆ ಹೋಗಿ ಜಾಗ ಹುಡುಕುತ್ತಾರೆ. ರಾತ್ರಿಯ ಫೋಟೊಕ್ಕೆ ಇದು ತಲೆಕೆಳಗು. ಮೊದಲು ನೀವು ಎಲ್ಲಿ ಕೂರುತ್ತೀರಿ ಎಂದು ನಿಶ್ಚಯಿಸಿ. ಜಾಗ ಲೆನ್ಸನ್ನು ಹೇಳುತ್ತದೆ. ಆಮೇಲೆ ಉಳಿದ ದುಡ್ಡು ಕ್ಯಾಮೆರಾಕ್ಕೆ.

ಮೊದಲ ಕ್ಯಾಮೆರಾ ಎಂದು ಮಾರುವ ಬಹುಪಾಲು ಕ್ಯಾಮೆರಾಗಳಲ್ಲಿರುವುದು ಎಪಿಎಸ್-ಸಿ ಅಳತೆಯ ಸೆನ್ಸರ್, ಸುಮಾರು 22ರಿಂದ 23 ಮಿಲಿಮೀಟರ್ ಅಗಲ. ಇದರ ಮೇಲೆ 50 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾ ನಿಲುವಾಗಿ ಹಿಡಿದು, ಐದು ಮೀಟರ್ ದೂರದಿಂದ ನೋಡಿದರೆ ಚೌಕಟ್ಟಿನ ಎತ್ತರ ಎರಡೂಕಾಲು ಮೀಟರ್‌ನಷ್ಟು. ಕಿರೀಟ ಸಮೇತ ಒಂದು ವೇಷ ಅಡಿಯಿಂದ ಮುಡಿಯವರೆಗೆ ಅಳೆದಂತೆ ಕೂರುತ್ತದೆ. ಐದು ಮೀಟರ್ ಎಂದರೆ ಹೆಚ್ಚಿನ ಬಯಲಾಟಗಳಲ್ಲಿ ಮುಂದಿನ ಸಾಲು, ಮಕ್ಕಳು ಚಾಪೆ ಹಾಸಿಕೊಂಡು ನಿದ್ದೆ ಹೋಗುವ ಜಾಗ. ಎಂಟೂವರೆ ಮೀಟರ್ ಹಿಂದೆ ಕುರ್ಚಿಯಲ್ಲಿ ಕೂತರೆ ಅದೇ ಚೌಕಟ್ಟಿಗೆ 85 ಎಂಎಂ ಬೇಕು. ಇಬ್ಬರ ಯುದ್ಧವೋ ಸಂವಾದವೋ ಮುಂದಿನಿಂದ ಹಿಡಿಯಬೇಕಾದರೆ 35 ಎಂಎಂ. ಇಡೀ ರಂಗಸ್ಥಳ, ಭಾಗವತರು, ಚೆಂಡೆ, ಮದ್ದಳೆ ಎಲ್ಲ ಬೇಕೆಂದರೆ ಕಿಟ್ ಲೆನ್ಸಿನ 18ರ ತುದಿಯೇ ಸಾಕು. ಅಲ್ಲಿ ಅದು ಎಫ್/3.5, ಒಡ್ಡೋಲಗದಲ್ಲಿ ನಿಂತ ವೇಷಗಳಿಗೆ 1/60 ನಡೆಯುತ್ತದೆ. ಆದ್ದರಿಂದ ಕಿಟ್ ಲೆನ್ಸನ್ನು ಮಾರಿಬಿಡಬೇಡಿ.

ಹಿಂದಿನ ಸಾಲಿನವರಿಗೆ ಅಂಗಡಿಯಲ್ಲಿ ಕಾಯುತ್ತಿರುವ ಬಲೆ 55-250ರಂಥ ಅಗ್ಗದ ಝೂಮ್. ದೂರದ್ದು ಹತ್ತಿರ ಕಾಣುತ್ತದೆ ಎಂದು ಖುಷಿಪಟ್ಟು ಕೊಳ್ಳುತ್ತಾರೆ. ರಾತ್ರಿ ಅದರಿಂದ ಸಿಗುವುದು ಹತ್ತಿರದ ಮಸುಕು. ಎಫ್/2.8ರ 70-200 ಇದೆ, ವೃತ್ತಿಯವರ ಕೈಯಲ್ಲಿ ನೋಡಿರುತ್ತೀರಿ. ಒಂದು ಕಿಲೋ ಮೀರಿದ ಭಾರ, ಲಕ್ಷ ಮೀರಿದ ಬೆಲೆ. ಹೊಸಬರಿಗೆ ನಾನು ಹೇಳುವ ಉಪಾಯ ಬೇರೆ. 50 ಎಂಎಂ ಎಫ್/1.8ರಲ್ಲೇ ತೆಗೆದು, ಮನೆಗೆ ಬಂದು ಉದ್ದ ಅಗಲ ಅರ್ಧರ್ಧ ಕತ್ತರಿಸಿ. 24 ಮೆಗಾಪಿಕ್ಸೆಲ್ 6ಕ್ಕೆ ಇಳಿಯುತ್ತದೆ, ಆದರೂ 8×12 ಇಂಚಿನ ಪ್ರಿಂಟಿಗೆ ಧಾರಾಳ. ಹೀಗೆ ಕತ್ತರಿಸಿದ ಚಿತ್ರಕ್ಕೆ ಸಿಕ್ಕಿದ ಬೆಳಕು, ಆ ಅಗ್ಗದ ಝೂಮನ್ನು 100 ಎಂಎಂಗೆ ತಿರುಗಿಸಿದಾಗ ಸಿಗುವುದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚೇ. ಮೆಗಾಪಿಕ್ಸೆಲ್ ಉಪಯೋಗಕ್ಕೆ ಬರುವುದು ಇಲ್ಲಿ.

ಕಿಂಡಿ ದೊಡ್ಡದಾದರೆ ಒಂದು ದಂಡವೂ ಇದೆ, ಫೋಕಸ್ಸಿನ ಆಳ ಕಡಿಮೆಯಾಗುತ್ತದೆ. ಐದು ಮೀಟರ್ ದೂರದಲ್ಲಿ 50 ಎಂಎಂ ಎಫ್/1.8ಕ್ಕೆ ಎರಡಡಿಗಿಂತ ತುಸು ಹೆಚ್ಚು ಆಳ ಸಿಗುತ್ತದೆ. ಮೂಗಿನಿಂದ ಕಿರೀಟದ ಹಿಂಬದಿಯವರೆಗೆ ಎಲ್ಲ ಸ್ಪಷ್ಟ. ಎರಡು ಮೀಟರ್‌ಗೆ ಹೋದರೆ ಅದು ಅರ್ಧ ಗೇಣಿಗೆ ಇಳಿಯುತ್ತದೆ. ಅಗ್ಗದ ಲೆನ್ಸುಗಳು ಪೂರ್ತಿ ತೆರೆದಾಗ ಸ್ವಲ್ಪ ಮೃದು ಬೇರೆ. ಬೆಳಕು ಒಪ್ಪಿದರೆ ಎಫ್/2.2ಕ್ಕೆ ಇಳಿಸಿ, ಚಿತ್ರ ತಟ್ಟನೆ ಚುರುಕಾಗುತ್ತದೆ.

ಇನ್ನು ಕ್ಯಾಮೆರಾ. ಹತ್ತು ವರ್ಷ ಹಿಂದಾಗಿದ್ದರೆ ಕಣ್ಣುಮುಚ್ಚಿ ಡಿಎಸ್‌ಎಲ್‌ಆರ್ ಎನ್ನಬಹುದಿತ್ತು. ಈಗ ಕ್ಯಾನನ್, ನಿಕಾನ್ ಎರಡೂ ಹೊಸ ಕ್ಯಾಮೆರಾಗಳನ್ನೆಲ್ಲ ಮಿರರ್‌ಲೆಸ್‌ನಲ್ಲೇ ತರುತ್ತಿವೆ. ಬಜೆಟ್ ಬಿಗಿಯಿದ್ದವರಿಗೆ ಇದರಿಂದ ಲಾಭವೇ. ಕೈಬದಲಾದ ಡಿಎಸ್‌ಎಲ್‌ಆರ್‌ಗಳು ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತಿವೆ. ಕ್ಯಾನನ್ 200ಡಿ ಮಾರ್ಕ್ 2, ನಿಕಾನ್ ಡಿ5600, ಡಿ3500 ಯಾವುದಾದರೂ ಸರಿ, ಅದರ ಮೇಲೊಂದು 35 ಅಥವಾ 50 ಎಂಎಂ ಎಫ್/1.8. ಡಿ3500ರ ಬ್ಯಾಟರಿ ಒಂದು ಚಾರ್ಜಿಗೆ 1550 ಫೋಟೊ ಎಂದು ಕಂಪನಿಯ ಲೆಕ್ಕ. ಆಟದ ಮೊದಲಿನ ಚೌಕಿ ಪೂಜೆಯಿಂದ ಕೊನೆಯ ಮಂಗಳದವರೆಗೆ ಬರುತ್ತದೆ. ಸಣ್ಣ ಮಿರರ್‌ಲೆಸ್‌ಗಳಿಗೆ ಆ ಲೆಕ್ಕ 300-400ರ ಸುತ್ತ, ಹಾಗಾಗಿ ಎರಡನೇ ಬ್ಯಾಟರಿಯ ದುಡ್ಡು ಮೊದಲೇ ಎತ್ತಿಡಿ. ನಿಕಾನ್ ಕೊಳ್ಳುವವರು ಒಂದು ವಿಷಯ ಗಮನಿಸಬೇಕು: ಡಿ3500, ಡಿ5600 ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗವೆಂದು ಹಳೆಯ ‘ಎಎಫ್-ಡಿ’ 50 ಎಂಎಂ ತಂದರೆ ರಾತ್ರಿಯಿಡೀ ಕೈಯಲ್ಲೇ ಫೋಕಸ್ ತಿರುಗಿಸಬೇಕಾಗುತ್ತದೆ. ‘ಎಎಫ್-ಎಸ್’ ಎಂದು ಬರೆದದ್ದೇ ಬೇಕು.

ಹೊಸದೇ ಬೇಕೆನ್ನುವವರಿಗೆ ಕ್ಯಾನನ್ ಆರ್50, ನಿಕಾನ್ ಝಡ್50ರ ಎರಡನೇ ಆವೃತ್ತಿ, ಸೋನಿಯ 6000 ಸರಣಿಯವು ಇವೆ. ಕಣ್ಣನ್ನು ಹುಡುಕಿ ಫೋಕಸ್ ಹಿಡಿಯುವ ಇವುಗಳ ಜಾಣತನ ಸ್ತ್ರೀವೇಷಕ್ಕೆ, ಪುಂಡುವೇಷಕ್ಕೆ ಚೆನ್ನಾಗಿ ಒದಗುತ್ತದೆ. ರಕ್ಕಸರ ಬಣ್ಣದ ವೇಷ ಬಂದಾಗ ಮಾತ್ರ ಹಿಟ್ಟಿನ ಚಿಟ್ಟಿ ಮೆತ್ತಿದ ಆ ಮುಖವನ್ನು ಮುಖವೆಂದು ಒಪ್ಪಲು ಕೆಲವೊಮ್ಮೆ ತಕರಾರು ಮಾಡುತ್ತವೆ. ಆಗ ನಡುವಿನ ಒಂದೇ ಫೋಕಸ್ ಬಿಂದುವಿಗೆ ಮರಳುವುದು ವಾಸಿ. ವ್ಯೂಫೈಂಡರ್ ಇಲ್ಲದ ಝಡ್30, ಝಡ್‌ವಿ-ಇ10ನಂಥವು ವ್ಲಾಗ್ ಮಾಡುವವರಿಗೆ ಸರಿ, ಆಟಕ್ಕೆ ಬೇಡ. ಕತ್ತಲಲ್ಲಿ ಎತ್ತಿ ಹಿಡಿದ ಹೊಳೆಯುವ ಪರದೆ ಹಿಂದೆ ಕೂತ ಹತ್ತು ಜನರ ಕಣ್ಣಿಗೆ ಚುಚ್ಚುತ್ತದೆ. ಸೋನಿಗೆ ಸಿಗ್ಮಾದ 30 ಎಂಎಂ ಎಫ್/1.4 ಒಳ್ಳೆಯ ಜೋಡಿ. ಈಗ ಅದು ನಿಕಾನ್, ಕ್ಯಾನನ್ ಮಿರರ್‌ಲೆಸ್‌ಗಳಿಗೂ ಬಂದಿದೆ.

ಫುಲ್ ಫ್ರೇಮ್ ಆದರೆ ರಾತ್ರಿಗೆ ಒಳ್ಳೆಯದಂತೆ, ಅದಕ್ಕೇ ದುಡ್ಡು ಕೂಡಿಸಲೇ ಎಂದು ಕೇಳುವವರಿಗೆ: ಹೌದು, ಅದರ ಸೆನ್ಸರಿನ ವಿಸ್ತೀರ್ಣ ಎರಡೂಕಾಲರಿಂದ ಎರಡೂವರೆ ಪಟ್ಟು. ಆದರೆ ಹತ್ತು ಸಾವಿರದ ಲೆನ್ಸ್ ಹತ್ತು ಪಟ್ಟು ಬೆಳಕು ಕೊಡುವಾಗ, ಲಕ್ಷದ ಬಾಡಿ ಎರಡೂವರೆ ಪಟ್ಟು ಕೊಟ್ಟರೆ ಅದು ಎರಡನೇ ಹೆಜ್ಜೆಯಾಗಬಹುದೇ ಹೊರತು ಮೊದಲನೆಯದಲ್ಲ. ಫುಲ್ ಫ್ರೇಮಿಗೆ ಕಿಟ್ ಝೂಮ್ ಹಾಕಿ ಓಡಾಡುವವರಿಗಿಂತ ಹಳೆ ಡಿಎಸ್‌ಎಲ್‌ಆರ್‌ಗೆ 50 ಹಾಕಿದವರು ರಾತ್ರಿ ಮುಂದಿರುತ್ತಾರೆ. ಹಾಗೆಯೇ ಜಾಹೀರಾತಿನಲ್ಲಿ ಬರುವ ಸ್ಟೆಬಿಲೈಸೇಶನ್. ಅದು ನಿಮ್ಮ ಕೈನಡುಕವನ್ನು ತಡೆಯುತ್ತದೆ, ಕುಣಿಯುವವರ ಕಾಲನ್ನು ತಡೆಯುವುದಿಲ್ಲ.

ಐಎಸ್‌ಒ ಏರಿಸಲು ಹೊಸಬರಿಗೆ ಭಯ, ಚಿತ್ರದಲ್ಲಿ ಕಾಳು ಕಾಣುತ್ತದೆ ಎಂದು. ಕಾಳು ಬರುವುದು ಐಎಸ್‌ಒ ಗುಂಡಿಯಿಂದಲ್ಲ, ಬೆಳಕಿನ ಬರದಿಂದ. ಮುಂಗಾರಿನ ಮೊದಲ ಹನಿಗಳು ಅಂಗಳಕ್ಕೆ ಬಿದ್ದಾಗ ಒಂದು ಕಲ್ಲಿನ ಮೇಲೆ ಮೂರು ಹನಿ, ಪಕ್ಕದ ಕಲ್ಲಿನ ಮೇಲೆ ಏಳು. ಜಡಿಮಳೆ ಹೊಡೆದರೆ ಎಲ್ಲ ಕಲ್ಲೂ ಸಮ ಒದ್ದೆ. ಸೆನ್ಸರಿನ ಮೇಲೆ ಬೆಳಕು ಬೀಳುವುದೂ ಹೀಗೆಯೇ, ಕಮ್ಮಿಯಾದಷ್ಟೂ ಏರುಪೇರು ಎದ್ದು ಕಾಣುತ್ತದೆ. 1600ರಲ್ಲೇ ಉಳಿದು ಕಪ್ಪಗೆ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಕಾಳು ಕಡಿಮೆಯೇನೂ ಆಗುವುದಿಲ್ಲ, ಎಷ್ಟೋ ಸಲ ಹೆಚ್ಚೇ ಕಾಣುತ್ತದೆ. 3200, ಬೇಕಾದರೆ 6400 ಧೈರ್ಯವಾಗಿ ಇಡಿ, ಜೆಪೆಗ್ ಬಿಟ್ಟು ರಾ ಫೈಲಿನಲ್ಲಿ ತೆಗೆಯಿರಿ. ಅಡೋಬ್ ಲೈಟ್‌ರೂಮಿಗೆ 2023ರಲ್ಲಿ ಬಂದ ಎಐ ಡೀನಾಯ್ಸ್ ಅಂಥ ಫೈಲುಗಳ ಕಾಳನ್ನು ನಂಬಲಾರದಷ್ಟು ಚೆನ್ನಾಗಿ ಒರೆಸುತ್ತದೆ. ಕಾಳನ್ನು ಒರೆಸಬಹುದು, ಅಲುಗಾಡಿದ ಮುಖವನ್ನು ಸರಿಮಾಡಲು ಅಷ್ಟು ಸುಲಭದ ದಾರಿಯಿಲ್ಲ.

ಎಕ್ಸ್‌ಪೋಶರನ್ನು ಕ್ಯಾಮೆರಾಕ್ಕೆ ಬಿಟ್ಟರೆ ಹಿಂದಿನ ಕಪ್ಪು ಪರದೆ ನೋಡಿ ‘ಅಯ್ಯೋ ಕತ್ತಲು’ ಎಂದು ಹೆಚ್ಚು ಬೆಳಕು ಎಳೆದು ವೇಷದ ಮುಖವನ್ನು ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ಮ್ಯಾನ್ಯುಯಲ್ ಇಡಿ. ಬಯಲಾಟದಲ್ಲಿ ದೀಪ ಒಂದೇ ಸಮ ಉರಿಯುತ್ತಿದ್ದರೆ ಒಮ್ಮೆ ಹೊಂದಿಸಿದ್ದು ರಾತ್ರಿಯಿಡೀ ನಡೆಯುತ್ತದೆ. ಕತ್ತಲಲ್ಲಿ ಕ್ಯಾಮೆರಾದ ಪರದೆ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುವುದರಿಂದ ಅದರ ಪ್ರಖರತೆ ತಗ್ಗಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಂಬಿ.

ಎಲ್‌ಇಡಿಯ ಕಾಟ ಬೇರೆಯೇ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಕಳಪೆ ಎಲ್‌ಇಡಿ ಸುತ್ತಿಗೆ ಎರಡರಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ ಹೆಚ್ಚಿದ್ದರೆ ಒಂದು ಫೋಟೊ ಬೆಳಕು, ಮುಂದಿನದು ಮಂಕು. ಕೆಲವೊಮ್ಮೆ ಚಿತ್ರದ ಉದ್ದಕ್ಕೂ ಕಪ್ಪು ಪಟ್ಟಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಇದು ವಿಪರೀತ, ಆದ್ದರಿಂದ ಆ ಸೈಲೆಂಟ್ ಮೋಡ್ ಬಳಸಬೇಡಿ. ಹೇಗೂ ಚೆಂಡೆಯ ಪಕ್ಕದಲ್ಲಿ ನಿಮ್ಮ ಕ್ಯಾಮೆರಾದ ‘ಟಕ್’ ಯಾರಿಗೂ ಕೇಳಿಸದು. 1/100ಕ್ಕೆ ಇಳಿದರೆ ಈ ಮಿನುಗು ಬಹುತೇಕ ಮಾಯ. ಆದರೆ 1/100ರಲ್ಲಿ ಕುಣಿತ ನಿಲ್ಲುವುದಿಲ್ಲವಲ್ಲ? ಕುಣಿತ ಗೊತ್ತಿದ್ದವರಿಗೆ ನಿಲ್ಲುತ್ತದೆ. ಮುಕ್ತಾಯದ ಪೆಟ್ಟು ಬಿದ್ದಾಗ ವೇಷಧಾರಿ ಒಂದು ಕ್ಷಣ ಸ್ತಬ್ಧನಾಗುತ್ತಾನೆ. ಜಿಗಿತದ ತುದಿಯಲ್ಲಿ ದೇಹ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತಾಳ ಕಿವಿಯಲ್ಲಿದ್ದರೆ ಬೆರಳು ತಾನಾಗಿ ಒತ್ತುತ್ತದೆ. ಪ್ರಸಂಗ ತಿಳಿಯದ ದುಬಾರಿ ಕ್ಯಾಮೆರಾದವರು ಸೆಕೆಂಡಿಗೆ ಹತ್ತು ಫೋಟೊ ಹೊಡೆದೂ ಅದನ್ನು ತಪ್ಪಿಸಿಕೊಳ್ಳುವುದನ್ನು ನೋಡಿದ್ದೇನೆ.

ಡೇರೆ ಮೇಳಗಳಲ್ಲಿ, ಸಭಾಂಗಣಗಳಲ್ಲಿ ನೀಲಿ, ಕೆಂಪು ದೀಪ ಹಾಕಿದಾಗ ಒಂದೇ ಬಣ್ಣ ತುಂಬಿ ಮುಖದ ರೇಖೆಗಳು ಅಳಿಸಿಹೋಗುತ್ತವೆ. ಅಲ್ಲಿ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕಿಳಿಸಿ, ಕಪ್ಪಗೆ ತೆಗೆಯುವುದೇ ಉಪಾಯ. ಬಣ್ಣದ ವೇಷ ದೊಂದಿ ಹಿಡಿದು ಪ್ರವೇಶಿಸಿ ರಾಳ ಎರಚಿದಾಗಂತೂ ಬೆಳಕು ಭಗ್ಗನೆ ಹಲವು ಪಟ್ಟು ಏರಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತದೆ. ಹಿಂದಿನ ಲೆಕ್ಕದಲ್ಲೇ ತೆಗೆದರೆ ಬೆಂಕಿಯ ಜಾಗದಲ್ಲಿ ಬರೀ ಬಿಳಿ ಕಲೆ. ಮೇಳದ ಹಳಬರನ್ನು ಕೇಳಿ ಪ್ರವೇಶ ಯಾವಾಗ, ಯಾವ ಕಡೆಯಿಂದ ಎಂದು ತಿಳಿದುಕೊಂಡು, ಶಟರನ್ನು ಮೊದಲೇ ಎರಡು ಸ್ಟಾಪ್ ಏರಿಸಿಟ್ಟು ಕಾಯಬೇಕು.

ಫ್ಲ್ಯಾಶ್ ಬೇಡವೇ ಬೇಡ. ಸುತ್ತುತ್ತಿರುವವರ ಕಣ್ಣಿಗೆ ಅದು ಅಪಾಯ, ಬೇಗಡೆಯ ಆಭರಣಗಳ ಮೇಲೆ ಬಿದ್ದು ಹೊಳೆದು ಚಿತ್ರವೂ ಹಾಳು. ಫೋಕಸ್ಸಿಗೆಂದು ಮಿನುಗುವ ಕೆಂಪು ದೀಪವನ್ನೂ ಮೆನುವಿಗೆ ಹೋಗಿ ಆರಿಸಿ. ಎದ್ದು ನಿಂತು ತೆಗೆಯಬೇಡಿ. ‘ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೆ, ನಾವು ಬಂದದ್ದು ನಿಮ್ಮ ಬೆನ್ನು ನೋಡ್ಲಿಕ್ಕಲ್ಲ’ ಎಂದು ಹಿಂದಿನಿಂದ ಬರುವ ಮಾತಿಗೆ ಉತ್ತರವಿಲ್ಲ.

ನನ್ನನ್ನು ಕೇಳಿದರೆ ಒಳ್ಳೆಯ ಚಿತ್ರಗಳಲ್ಲಿ ಅರ್ಧ ಬಣ್ಣ ಹಚ್ಚುವ ಚೌಕಿಯಲ್ಲೇ ಸಿಗುತ್ತವೆ. ಚಪ್ಪಲಿ ಹೊರಗೆ ಬಿಟ್ಟು, ಮೇಳದವರ ಅಪ್ಪಣೆ ಪಡೆದು ಒಳಗೆ ಹೋಗಿ ಒಂದು ಮೂಲೆಯಲ್ಲಿ ಕೂತರೆ ಯಾರೂ ಬೇಡವೆನ್ನುವುದಿಲ್ಲ. ಒಂದೊಂದು ಬಲ್ಬಿನ ಕೆಳಗೆ ಒಬ್ಬೊಬ್ಬರು ಪೆಟ್ಟಿಗೆಯ ಮುಂದೆ ಕೂತು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಇಲ್ಲಿ 35 ಎಂಎಂ ಎಫ್/1.8 ರಾಜ. ಯಾರೂ ಕುಣಿಯುತ್ತಿಲ್ಲವಾದ್ದರಿಂದ 1/80 ಸಾಕು. ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣದ ಚಿಟ್ಟಿಯನ್ನು ಕಡ್ಡಿಯಲ್ಲಿ ಒಂದೊಂದೇ ಇಡುತ್ತ ಹೋಗುವಾಗ ಎಡಗೈಯಲ್ಲೊಂದು ಕನ್ನಡಿ. ಆ ಕನ್ನಡಿಯೊಳಗಿನ ಮುಖವನ್ನು ಹಿಡಿಯಲು ಎಲ್ಲರಿಗೂ ಆಸೆ. ಕ್ಯಾಮೆರಾ ಕನ್ನಡಿಯ ಚೌಕಟ್ಟಿಗೆ ಫೋಕಸ್ ಹಿಡಿದರೆ ಒಳಗಿನ ಮುಖ ಮಸುಕಾಗುತ್ತದೆ. ಏಕೆಂದರೆ ಬಿಂಬ ಕನ್ನಡಿಯ ಮೇಲಿಲ್ಲ. ನಿಮ್ಮಿಂದ ಕನ್ನಡಿಗೆ, ಕನ್ನಡಿಯಿಂದ ಮತ್ತೆ ಅವರ ಮುಖಕ್ಕೆ ಇರುವಷ್ಟು ದೂರದಲ್ಲಿದೆ. ಅರ್ಧ ಗೇಣಿನ ಆಳವಿರುವ ಲೆನ್ಸಿಗೆ ಆ ವ್ಯತ್ಯಾಸ ದೊಡ್ಡದು. ಫೋಕಸ್ ಬಿಂದುವನ್ನು ಬಿಂಬದ ಕಣ್ಣಿನ ಮೇಲೇ ಇಟ್ಟು, ಚೌಕಟ್ಟು ಮಸುಕಾಗುವುದನ್ನು ಒಪ್ಪಿಕೊಳ್ಳಿ.

ಕೈಬದಲಾದ ಲೆನ್ಸ್ ಕೊಳ್ಳುವವರಿಗೆ, ಅದರಲ್ಲೂ ಕರಾವಳಿಯಲ್ಲಿ ಬಳಸಿದ್ದನ್ನು ಕೊಳ್ಳುವವರಿಗೆ, ಇನ್ನೊಂದು ಮಾತು. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಸಣ್ಣ ಟಾರ್ಚ್ ಇರಲಿ. ಎರಡೂ ಮುಚ್ಚಳ ತೆಗೆದು, ಕಿಂಡಿ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಜೇಡನ ಬಲೆಯಂಥ ಸಣ್ಣ ಎಳೆಗಳು ಗಾಜಿನೊಳಗೆ ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾಗಲಿ ವಾಪಸು ಕೊಡಿ. ಧೂಳಿನ ಒಂದೆರಡು ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಾಲ್ಕು ತಿಂಗಳು ಮಳೆ. ಲೆನ್ಸನ್ನು ಅದರ ಚರ್ಮದ ಚೀಲದಲ್ಲೇ ಕಪಾಟಿನಲ್ಲಿಟ್ಟು ಮರೆತರೆ ಫಂಗಸ್ ಖಾತ್ರಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಹರಳಿನ ಬಣ್ಣ ಬದಲಾದಾಗ ಹದವಾಗಿ ಬಿಸಿ ಮಾಡಿ ತೇವ ಆರಿಸಿ ಮತ್ತೆ ಹಾಕಿ. ತಿಂಗಳಿಗೊಮ್ಮೆ ಹೊರತೆಗೆದು, ಜಗಲಿಯಲ್ಲಿ ಕೂತು ಮಳೆಯದ್ದೋ ಮನೆ ಬೆಕ್ಕಿನದ್ದೋ ನಾಲ್ಕು ಫೋಟೊ ಹೊಡೆದು ಒಳಗಿಡಿ.